ವಯಸ್ಸಾದವರ ಜೊತೆ ವಿಜಯಪುರ, ಬಾದಾಮಿಗೆ ಹೊರಟಿದ್ದೀರಾ? ನೀರಡಿಕೆಯ ಮಾತು ಕೇಳಬೇಡಿ, ಗಡಿಯಾರ ನೋಡಿ

ಮಾರ್ಚ್ ಎರಡನೇ ವಾರ ಅವ್ವನನ್ನು ಕರೆದುಕೊಂಡು ಬೆಳಗಾವಿಯಿಂದ ವಿಜಯಪುರ, ಅಲ್ಲಿಂದ ಬಾದಾಮಿ ಅಂತ ಮೂರು ದಿನ ಸುತ್ತಿ ಬಂದೆ. ಅವ್ವನಿಗೆ 74. ಇಂಡಿ ತಾಲ್ಲೂಕಿನ ನಮ್ಮ ಸೋದರಮಾವ ವಿಜಯಪುರದಲ್ಲಿ ಜೊತೆಯಾದರು, ಅವರಿಗೆ 78. ನಾನು ಹೆದರಿದ್ದು ಮಾವನ ಬಗ್ಗೆ, ಆದರೆ ಸುಸ್ತಾಗಿದ್ದು ಅವ್ವ.

ಗೋಳಗುಮ್ಮಟಕ್ಕೆ ನಾವು ತಲುಪುವಾಗಲೇ ಹನ್ನೊಂದಾಗಿತ್ತು. ಅದೇ ಮೊದಲ ತಪ್ಪು. ಗೇಟಿನಿಂದ ಒಳಗೆ ಬಿಸಿಲಲ್ಲೇ ದೂರ ನಡೆಯಬೇಕು. ದಾರಿಯುದ್ದಕ್ಕೂ ನೀರು ಬೇಕಾ ಅಂತ ಕೇಳ್ತಾನೇ ಇದ್ದೆ, ಅವ್ವ "ನನಗ ನೀರಡಿಕಿ ಆಗಿಲ್ಲಪಾ" ಅಂತಲೇ ಇದ್ದಳು. ಸುಳ್ಳು ಹೇಳಲಿಲ್ಲ, ನಿಜವಾಗಿಯೂ ಅವಳಿಗೆ ಆಗಿರಲಿಲ್ಲ. ವಯಸ್ಸಾದ ಹಾಗೆ ಮೈಯಲ್ಲಿ ನೀರು ಕಡಿಮೆಯಾದರೂ ನೀರಡಿಕೆ ಗೊತ್ತಾಗುವುದು ತಡ, ಬೆವರೂ ಕಡಿಮೆ ಬರುತ್ತದೆ, ಹಾಗಾಗಿ ಒಳಗಿನ ಕಾವು ಹೊರಗೆ ಹೋಗುವುದಿಲ್ಲ. ಸ್ವಲ್ಪ ಹೊತ್ತಿಗೆ "ಊರಿಗೆ ಯಾವಾಗ ಹೋಗೋದು" ಅಂತ ಒಂದೇ ಮಾತನ್ನು ನಾಲ್ಕು ಸಲ ಕೇಳಿದಳು. ನನ್ನ ಎದೆ ಧಸಕ್ಕೆಂದಿತು.

ಗುಮ್ಮಟದ ಒಳಗೆ ತಣ್ಣಗಿತ್ತು. ಅಲ್ಲೇ ಗೋಡೆಗೆ ಒರಗಿಸಿ ಕೂರಿಸಿ, ಟವೆಲ್ ಒದ್ದೆ ಮಾಡಿ ಕುತ್ತಿಗೆಗೆ, ಕಂಕುಳಿಗೆ ಇಟ್ಟು, ಪೇಪರಿನಿಂದ ಗಾಳಿ ಹಾಕಿದೆವು. ಉಪ್ಪು ಸಕ್ಕರೆ ಹಾಕಿದ ನಿಂಬೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಅರ್ಧ ಗಂಟೆಗೆ ಸರಿಹೋದಳು. ನಿಮಗೆ ಹೀಗಾದರೆ ಇಷ್ಟು ಹೊತ್ತು ಕಾಯಬೇಡಿ. ಮಾತು ತಪ್ಪುತ್ತಿದ್ದರೆ, ಮೈ ಸುಡುತ್ತಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ಮೈ ಒದ್ದೆ ಮಾಡುತ್ತಾ ಗಾಳಿ ಹಾಕಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಲೇಬೇಡಿ.

ಮಾವ ಅಷ್ಟೂ ಹೊತ್ತು ಆರಾಮಾಗಿದ್ದರು. ಅವರು ದಿನಾ ಆ ಬಿಸಿಲಲ್ಲೇ ಓಡಾಡುವವರು. ನಮ್ಮ ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿರುವ ತಂಪು ಊರು, ಒಂದೇ ದಿನದಲ್ಲಿ ಈ ಬಿಸಿಲಿಗೆ ಬಂದರೆ ಮೈ ಒಗ್ಗಬೇಕಲ್ವಾ? ಒಗ್ಗಿಕೊಳ್ಳಲು ಒಂದೆರಡು ವಾರವೇ ಬೇಕು, ವಯಸ್ಸಾದವರಿಗೆ ಇನ್ನೂ ಜಾಸ್ತಿ. ಜೊತೆಗೆ ಅವ್ವ ಬಿಪಿಗೆ ತೊಗೊಳ್ಳುವ ಗುಳಿಗೆ ಮೂತ್ರ ಜಾಸ್ತಿ ಮಾಡಿಸುವಂಥದ್ದು, ಅದು ನನಗೆ ಆಮೇಲೆ ಗೊತ್ತಾಯಿತು. ಹೊರಡುವ ಮುಂಚೆಯೇ ಡಾಕ್ಟರಿಗೆ ಗುಳಿಗೆ ತೋರಿಸಿ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ. ಹೃದಯ, ಕಿಡ್ನಿ ತೊಂದರೆ ಇದ್ದವರು ದಿನಕ್ಕೆ ಎಷ್ಟು ನೀರು ಕುಡಿಯಬಹುದು ಅಂತಲೂ ಕೇಳಿಕೊಳ್ಳಿ. ಇನ್ಸುಲಿನ್ ಇದ್ದರೆ ನಿಂತ ಕಾರಿನಲ್ಲಿ ಬಿಡಬೇಡಿ, ಕಾವಿಗೆ ಅದು ಕೆಡುತ್ತದೆ.

ಆಮೇಲೆ ನಾನು ಕೇಳುವುದನ್ನೇ ಬಿಟ್ಟೆ. ಫೋನಿನಲ್ಲಿ ಅಲಾರಾಂ ಇಟ್ಟು ಅರ್ಧ ಗಂಟೆಗೊಮ್ಮೆ ಅರ್ಧ ಲೋಟ ಕೈಗೆ ಕೊಡ್ತಿದ್ದೆ. ಬಾದಾಮಿಗೆ ಹೋಗುವ ದಾರಿಯಲ್ಲಿ ಕೊಲ್ಹಾರದ ಗಟ್ಟಿ ಮೊಸರು ತೊಗೊಂಡು ಮಜ್ಜಿಗೆ ಮಾಡಿದೆವು, ಅದನ್ನು ಮಾತ್ರ ಅವ್ವ ತಾನಾಗಿಯೇ ಕೇಳಿ ಕುಡಿದಳು.

ಬಾದಾಮಿಯಲ್ಲಿ ಬೆಳಿಗ್ಗೆ ಬೇಗ ಹೋಗಿ ಮೊದಲ ಗುಹೆ ಮಾತ್ರ ನೋಡಿ ಇಳಿದೆವು. ಕ್ರಿ.ಶ. 578ರ, ಚಾಲುಕ್ಯರ ಮಂಗಳೇಶನ ಶಾಸನವಿರುವ ಮೂರನೇ ಗುಹೆ ನೋಡಬೇಕು ಅಂತ ನನಗೆ ಆಸೆ ಇತ್ತು, ಆದರೆ ಮೆಟ್ಟಿಲು ಜಾಸ್ತಿ. ಪಟ್ಟದಕಲ್ಲು ಸಮತಟ್ಟು, ಅಲ್ಲಿ ಇಬ್ಬರೂ ಖುಷಿಯಾಗಿ ಓಡಾಡಿದರು. ಚಪ್ಪಲಿ ಬಿಚ್ಚುವ ಕಡೆ ಕಲ್ಲು ಕಾದಿರುತ್ತದೆ, ಕಾಲುಚೀಲ ಮರೆಯಬೇಡಿ.

ಹಾಗಾದರೆ ಚಳಿಗಾಲದಲ್ಲಿ ಹೋದರೆ ಚಿಂತೆ ಇಲ್ಲ ಅಂತಲ್ಲ. ಜನವರಿಯಲ್ಲಿ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದಾಗ ಇದೇ ಮಾವ, ಬಿಸಿಲಿಗೆ ಜಗ್ಗದ ಮಾವ, ನಸುಕಿನಲ್ಲಿ ತಣ್ಣೀರು ಸ್ನಾನ ಮಾಡಿ ತೆಳು ಅಂಗಿಯಲ್ಲೇ ಕೂತಿದ್ದರು. ಕೈ ಮುಟ್ಟಿದರೆ ಮಂಜುಗಡ್ಡೆ. ನಡುಗುತ್ತಲೂ ಇರಲಿಲ್ಲ, "ಥಂಡಿ ಎಲ್ಲೈತಿ" ಅಂದರು. ವಯಸ್ಸಾದವರ ಮೈ ಚಳಿಗೆ ಬೇಗ ನಡುಗುವುದೂ ಇಲ್ಲ, ಅದಕ್ಕೇ ನೋಡಿದವರಿಗೆ ತಿಳಿಯುವುದಿಲ್ಲ. ಬಟ್ಟೆ ಬದಲಿಸಿ, ತಲೆಗೆ ಮಫ್ಲರ್ ಸುತ್ತಿ, ಎದೆ ಬೆನ್ನಿಗೆ ಕಂಬಳಿ ಹೊದಿಸಿ, ಬಿಸಿ ಚಹಾ ಕೊಟ್ಟೆವು. ಕೈಕಾಲನ್ನು ಬೆಂಕಿಗೆ ಹಿಡಿಸಬೇಡಿ, ಸುಟ್ಟರೂ ಅವರಿಗೆ ಬೇಗ ಗೊತ್ತಾಗಲ್ಲ. ರಾತ್ರಿ ಎದ್ದರೆ ಹಾಸಿಗೆಯ ಮೇಲೆ ಎರಡು ನಿಮಿಷ ಕೂತು ಆಮೇಲೆ ನಿಲ್ಲಲಿ, ಇಲ್ಲದಿದ್ದರೆ ತಲೆ ತಿರುಗಿ ಬೀಳಬಹುದು.

ಏಪ್ರಿಲ್, ಮೇ ತಿಂಗಳು ಅಂತೂ ಬೇಡವೇ ಬೇಡ, ವಿಜಯಪುರದಲ್ಲಿ 40 ಡಿಗ್ರಿ ದಾಟುತ್ತದೆ. ಅವ್ವ ಈಗ ಕೂಡಲಸಂಗಮ ನೋಡಬೇಕು ಅಂತ ಹಟ ಹಿಡಿದಿದ್ದಾಳೆ. ಡಿಸೆಂಬರಿಗೆ ಹೊರಡುತ್ತೇವೆ, ನೀರಿನ ಬಾಟಲಿಯ ಜೊತೆ ಈ ಸಲ ಎರಡು ಕಂಬಳಿಯೂ ಇರುತ್ತವೆ.