ಗಡಸು ನೀರು: ಮೊದಲು ಅಳೆಯಿರಿ, ಆಮೇಲೆ ಯಂತ್ರ ಕೊಳ್ಳಿ

ಟಿಡಿಎಸ್ ಮೀಟರನ್ನು ಲೋಟದೊಳಗೆ ಅದ್ದಿ, ಅದು 600 ಎಂದು ತೋರಿಸಿದ ಕೂಡಲೇ ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಕೊಳ್ಳಲು ಹೊರಡುವವರು ಬಹಳ. ಆ ಮೀಟರ್ ಗಡಸುತನವನ್ನು ಅಳೆಯುವುದೇ ಇಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ನೋಡಿ, ಕರಗಿರುವ ಎಲ್ಲ ಲವಣಗಳ ಒಟ್ಟು ಅಂದಾಜನ್ನು ಅದು ಕೊಡುತ್ತದೆ, ಅಷ್ಟೇ. ಗಡಸುತನ ಎಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಮಾತ್ರ. ಬಾಯಿಗೆ ಉಪ್ಪುಪ್ಪಾಗಿದ್ದೂ ಸೋಪು ಚೆನ್ನಾಗಿ ನೊರೆ ಬರುವ ನೀರಿದೆ. ರುಚಿಯಲ್ಲಿ ಏನೂ ಗೊತ್ತಾಗದೆ ಗೀಸರಿನ ಕಾಯಿಲನ್ನು ಸುಡುವ ನೀರೂ ಇದೆ. ಇನ್ನೊಂದು ತೊಡಕು: ಸಾಫ್ಟ್‌ನರ್ ಹಾಕಿದ ಮೇಲೂ ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದನ್ನು ನೋಡಿ ಯಂತ್ರ ಕೆಲಸ ಮಾಡುತ್ತಿಲ್ಲ ಎಂದುಕೊಳ್ಳುವುದು ತಪ್ಪು.

ಬೇಕಾದದ್ದು ಹನಿ ಹಾಕಿ ಅಳೆಯುವ ಗಡಸುತನದ ಕಿಟ್. ನೀರಿನ ಮಾದರಿಗೆ ಕಿಟ್ಟಿನಲ್ಲಿರುವ ಬಫರ್ (ಆಮ್ಲ-ಕ್ಷಾರದ ಮಟ್ಟ ಕಾಯುವ ದ್ರಾವಣ) ಹಾಗೂ ಬಣ್ಣ ತೋರಿಸುವ ಸೂಚಕ ಬೆರೆಸಿದಾಗ ವೈನಿನ ಕೆಂಪು ಬಣ್ಣ ಬರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಳ್ಳುವ ಇಡಿಟಿಎ ದ್ರಾವಣವನ್ನು ಒಂದೊಂದೇ ಹನಿ ಹಾಕಿ ಅಲುಗಾಡಿಸುತ್ತ ಹೋದರೆ ಅದು ನೇರಳೆಯಾಗಿ, ಕೊನೆಗೆ ಶುದ್ಧ ನೀಲಿಯಾಗುತ್ತದೆ. ನೇರಳೆಯಲ್ಲೇ ನಿಲ್ಲಿಸಿದರೆ ಲೆಕ್ಕ ಕಡಿಮೆ ಬರುತ್ತದೆ. ಕೆಂಪಿನ ಛಾಯೆ ಪೂರ್ತಿ ಹೋಗುವವರೆಗೆ ಹಾಕಬೇಕು. ಹನಿಗಳ ಸಂಖ್ಯೆಯನ್ನು ಕಿಟ್ಟಿನಲ್ಲಿ ಕೊಟ್ಟಿರುವ ಅಂಕಿಯಿಂದ ಗುಣಿಸಿದರೆ ಗಡಸುತನ ಲೀಟರಿಗೆ ಎಷ್ಟು ಮಿಲಿಗ್ರಾಂ (ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ) ಎಂದು ಸಿಗುತ್ತದೆ. 60ರವರೆಗೆ ಮೆದು, 120ರವರೆಗೆ ಮಧ್ಯಮ, 180ರವರೆಗೆ ಗಡಸು, ಅದರ ಮೇಲೆ ತೀರಾ ಗಡಸು. ಯಂತ್ರದ ಕೈಪಿಡಿಯಲ್ಲಿ ಗ್ಯಾಲನ್ನಿಗೆ ಇಷ್ಟು ಗ್ರೇನ್ ಎಂದಿದ್ದರೆ, ಒಂದು ಗ್ರೇನ್ ಎಂದರೆ ಲೀಟರಿಗೆ 17.1 ಮಿಲಿಗ್ರಾಂ. ಬಾವಿ ಅಥವಾ ಬೋರ್‌ವೆಲ್ ನೀರಾದರೆ ಬೇಸಿಗೆಯಲ್ಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಅಳೆಯಿರಿ.

ಇದರ ಜೊತೆಗೆ ಇನ್ನೊಂದು ಪರೀಕ್ಷೆ ಇದೆ. ಯಾರೂ ಮಾಡುವುದಿಲ್ಲ, ಆದರೆ ನನ್ನ ಪ್ರಕಾರ ಹೆಚ್ಚು ಉಪಯೋಗದ್ದು ಅದೇ. ಒಂದು ಲೀಟರ್ ನೀರನ್ನು ಹತ್ತು ನಿಮಿಷ ಕುದಿಸಿ, ಆರಲು ಬಿಟ್ಟು, ಆವಿಯಾದಷ್ಟನ್ನು ಡಿಸ್ಟಿಲ್ಡ್ ನೀರಿನಿಂದ ತುಂಬಿ, ಚೆನ್ನಾಗಿ ಸೋಸಿ ಮತ್ತೆ ಅಳೆಯಿರಿ. ಕಡಿಮೆಯಾದ ಭಾಗ ತಾತ್ಕಾಲಿಕ ಗಡಸುತನ, ಅಂದರೆ ಬೈಕಾರ್ಬನೇಟ್ ರೂಪದಲ್ಲಿ ಇದ್ದದ್ದು. ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಇದೇ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ, ಕಲ್ಲಿನಂಥ ಬಿಳಿ ಪದರವಾಗಿ ಅಂಟಿಕೊಳ್ಳುತ್ತದೆ. ಉಳಿದದ್ದು ಸಲ್ಫೇಟ್, ಕ್ಲೋರೈಡ್‌ಗಳ ಶಾಶ್ವತ ಗಡಸುತನ. ಅದು ಸೋಪನ್ನು ಕೆಡಿಸುತ್ತದೆ, ಆರಿದಲ್ಲಿ ಕಲೆ ಬಿಡುತ್ತದೆ. ಗೀಸರಿಗೆ ಅಷ್ಟು ಕಾಟ ಕೊಡುವುದಿಲ್ಲ. ಹೀಗಾಗಿ 400 ಗಡಸುತನದ ಎರಡು ಮನೆಗಳಲ್ಲಿ ಒಂದರ ಕಾಯಿಲು ಬೇಗ ಸುಟ್ಟು, ಇನ್ನೊಂದರದ್ದು ವರ್ಷಗಟ್ಟಲೆ ಬಾಳಬಹುದು.

ಕಾಯಿಲು ಸುಡುವ ಬಗೆ ಹೀಗೆ. ನೀರು ಎಲ್ಲಕ್ಕಿಂತ ಬಿಸಿಯಾಗುವುದು ಕಾಯಿಲಿನ ಮೈಮೇಲೆ, ಆದ್ದರಿಂದ ಪದರ ಮೊದಲು ಕೂರುವುದೂ ಅಲ್ಲೇ. ಆ ಪದರ ಶಾಖವನ್ನು ಹೊರಗೆ ಬಿಡದು. ಒಳಗಿನ ಲೋಹ ಮಿತಿಮೀರಿ ಕಾಯ್ದು ಹೊರಕವಚ ಸೀಳುತ್ತದೆ, ಸೀಳಿನಲ್ಲಿ ನೀರು ಇಳಿಯುತ್ತದೆ, ಗೀಸರ್ ಹಾಕಿದ ತಕ್ಷಣ, ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಮನೆಯ ಸ್ವಿಚ್ಚಾದ ಆರ್‌ಸಿಸಿಬಿ ಬೀಳುತ್ತದೆ. ಅದಕ್ಕೆ ಮುಂಚೆ ಸೂಚನೆಗಳು ಸಿಗುತ್ತವೆ: ಕಾಯುವಾಗ ಟಪಟಪ ಸದ್ದು, ನೀರು ಬಿಸಿಯಾಗಲು ಮೊದಲಿಗಿಂತ ಹೆಚ್ಚು ಹೊತ್ತು, ಅತಿಯಾಗಿ ಕಾಯ್ದಾಗ ಕರೆಂಟ್ ಕಡಿಯುವ ಥರ್ಮಲ್ ಕಟ್‌ಔಟ್ ಪದೇಪದೇ ಬೀಳುವುದು.

ಖರ್ಚಿಲ್ಲದ ಮೊದಲ ಕೆಲಸ, ಥರ್ಮೋಸ್ಟಾಟ್ 75ರಲ್ಲಿದ್ದರೆ 60 ಡಿಗ್ರಿಗೆ ಇಳಿಸುವುದು. 60 ದಾಟಿದ ಮೇಲೆ ಪದರ ಕೂರುವ ವೇಗ ಜೋರಾಗುತ್ತದೆ. ಹಾಗೆಂದು ಸದಾ ಬೆಚ್ಚಗಿರುವ ಟ್ಯಾಂಕನ್ನು 45ಕ್ಕೆ ಇಳಿಸಬೇಡಿ, ಆ ಬಿಸಿಯಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು.

ತೀರಾ ಗಡಸು ನೀರಿದ್ದಲ್ಲಿ ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿ ತೊಳೆಯಬೇಕು. ವಿದ್ಯುತ್ ಕೆಲಸದ ಅನುಭವ ಇಲ್ಲದಿದ್ದರೆ ಮೆಕ್ಯಾನಿಕ್ಕನ್ನೇ ಕರೆಸಿ, ಆದರೆ ಪಕ್ಕದಲ್ಲಿ ನಿಂತು ನೋಡಿ. ಸ್ವಿಚ್ಚಷ್ಟೇ ಸಾಲದು, ಆ ಲೈನಿನ ಸರ್ಕ್ಯೂಟ್ ಬ್ರೇಕರ್ ಆದ ಎಂಸಿಬಿಯನ್ನೂ ಇಳಿಸಬೇಕು. ನೀರು ತಣ್ಣಗಾಗಲು ಬಿಟ್ಟು, ಒಳಬರುವ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಬೇಕು. ವೈರುಗಳ ಫೋಟೊ ತೆಗೆದುಕೊಂಡು ಬಿಡಿಸಿ, ಕಾಯಿಲು ಕೂರಿಸಿದ ತಟ್ಟೆಯ (ಫ್ಲ್ಯಾಂಜ್) ನಟ್ಟುಗಳನ್ನು ಎದುರುಬದುರಾಗಿ ಸಡಿಲಿಸಿ ಕಾಯಿಲನ್ನು ಹೊರಗೆಳೆಯಬೇಕು. ಲೀಟರ್ ಉಗುರುಬೆಚ್ಚಗಿನ ನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ವೈರು ಕೂರುವ ತುದಿ ನೆನೆಯದಂತೆ ಕಾಯಿಲನ್ನು ಎರಡು ಮೂರು ಗಂಟೆ ಮುಳುಗಿಸಿಡಬೇಕು. ಕುದಿಯುವ ನೀರು ಬೇಡ. ತುಂಬ ಬಿಸಿಯಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಪುಡಿಯೇ ಕೂರುತ್ತದೆ. ಒಂದು ಗ್ರಾಂ ಪದರ ಕರಗಿಸಲು ಸುಮಾರು 1.3 ಗ್ರಾಂ ಆಸಿಡ್ ಬೇಕು, ಆದ್ದರಿಂದ ಗುಳ್ಳೆ ನಿಂತೂ ಪದರ ಉಳಿದಿದ್ದರೆ ಹೊಸ ದ್ರಾವಣ ಮಾಡಿ. ಚಾಕುವಿನಿಂದ ಕೆರೆಯಬೇಡಿ. ಮೆಗ್ನೀಸಿಯಂ ಆನೋಡ್ ಕಡ್ಡಿ ಸವೆದು ಒಳಗಿನ ತಂತಿ ಕಾಣುತ್ತಿದ್ದರೆ ಹೊಸದು ಹಾಕಿಸಿ. ಅದಿಲ್ಲದಿದ್ದರೆ ತುಕ್ಕು ಟ್ಯಾಂಕನ್ನೇ ಹಿಡಿಯುತ್ತದೆ. ಹಳೆಯ ಗ್ಯಾಸ್ಕೆಟ್ ಮತ್ತೆ ಬಳಸಿದರೆ ಸೋರುವುದು ಬಹುತೇಕ ಖಚಿತ. ಎಲ್ಲ ಜೋಡಿಸಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ನೀರು ಬಂದ ಮೇಲಷ್ಟೇ ಕರೆಂಟ್ ಕೊಡಿ.

ನಲ್ಲಿಯ ತುದಿಯ ಜಾಲರಿ, ಶವರ್‌ಗಳಿಗೂ ಇದೇ ದ್ರಾವಣ ಅಥವಾ ಸಮ ಪ್ರಮಾಣದ ನೀರು ಬೆರೆಸಿದ ಬಿಳಿ ವಿನೆಗರ್ ಸಾಕು. ಕ್ರೋಮ್ ಲೇಪದ ಮೇಲೆ ಅರ್ಧ ಗಂಟೆ ಮೀರಿ ಬಿಡಬೇಡಿ. ಅಮೃತಶಿಲೆ ಸ್ವತಃ ಕ್ಯಾಲ್ಸಿಯಂ ಕಾರ್ಬನೇಟ್ ಆಗಿರುವುದರಿಂದ ಅದರ ಹತ್ತಿರ ಯಾವ ಆಸಿಡ್ಡೂ ಹೋಗಬಾರದು. ಬ್ಲೀಚ್ ಜೊತೆ ಆಸಿಡ್ ಸೇರಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ, ಅದನ್ನಂತೂ ಎಂದಿಗೂ ಮಾಡಬೇಡಿ. ಗಾಜಿನ ಮೇಲಿನ ಕಲೆಗೆ ಮದ್ದು ಒಂದೇ: ನೀರು ಆರುವ ಮೊದಲೇ ವೈಪರ್ ಎಳೆಯುವುದು.

ಬಟ್ಟೆಯ ವಿಷಯ ಚಿಕ್ಕದು. ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಜಿಡ್ಡಾಗುತ್ತದೆ. ಬಟ್ಟೆ ಬಿರುಸಾಗುವುದು, ಬಕೆಟ್ಟಿಗೆ ಬೂದುಗೆರೆ ಬರುವುದು ಅದರಿಂದಲೇ. ವಾಷಿಂಗ್ ಮೆಷಿನ್ನಿಗೆ ಡಿಟರ್ಜೆಂಟೇ ಸರಿ, ಪ್ಯಾಕೆಟ್ಟಿನ ಮೇಲೆ ಗಡಸು ನೀರಿಗೆ ಬರೆದಿರುವ ಅಳತೆಯಲ್ಲಿ.

ಇನ್ನು ಸಾಫ್ಟ್‌ನರ್. ಒಳಗಿನ ರೆಸಿನ್ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದ ಮೇಲೆ ಉಪ್ಪುನೀರು ಹಾಯಿಸಿದರೆ ಅವು ಮತ್ತೆ ಕೆಲಸಕ್ಕೆ ಬರುತ್ತವೆ, ಇದೇ ಒಂದು ಸುತ್ತು. ಒಂದು ಲೀಟರ್ ರೆಸಿನ್ ಒಂದು ಸುತ್ತಿನಲ್ಲಿ ಸುಮಾರು 50 ಗ್ರಾಂ ಗಡಸುತನ ತೆಗೆಯುತ್ತದೆ ಎಂದು ಹಿಡಿಯಿರಿ. ದಿನಕ್ಕೆ 600 ಲೀಟರ್ ಬಳಕೆ, ಗಡಸುತನ 400 ಇದ್ದರೆ ದಿನಕ್ಕೆ 240 ಗ್ರಾಂ. 25 ಲೀಟರ್ ರೆಸಿನ್ನಿನ ಸಾಮರ್ಥ್ಯ 1,250 ಗ್ರಾಂ, ಅಂದರೆ ಐದು ದಿನ. ನಾಲ್ಕನೆಯ ದಿನವೇ ಉಪ್ಪುನೀರು ಕೊಡುವುದು ಕ್ಷೇಮ. ಲೀಟರ್ ರೆಸಿನ್ನಿಗೆ 120ರಿಂದ 150 ಗ್ರಾಂ ಉಪ್ಪಿನಂತೆ ಪ್ರತಿ ಸಲ 3ರಿಂದ 3.75 ಕಿಲೊ ಬೇಕು. ಈ ಲೆಕ್ಕ ಕೇಳದೆ ಯಂತ್ರ ಮಾರಲು ಬಂದವರನ್ನು ನಂಬಬೇಡಿ.

ಕೆಡುವುದು ಹೆಚ್ಚಾಗಿ ಉಪ್ಪಿನ ಕಡೆಯಿಂದ. ಪುಡಿ ಉಪ್ಪು ಹಾಕಿದರೆ ಮೇಲೆ ಗಟ್ಟಿ ಹೆಪ್ಪುಗಟ್ಟಿ ಕೆಳಗೆ ಟೊಳ್ಳಾಗುತ್ತದೆ. ನೋಡಲು ಉಪ್ಪಿದೆ, ನೀರು ಮಾತ್ರ ಗಡಸು. ಮಾತ್ರೆ ರೂಪದ ಅಥವಾ ಶುದ್ಧ ಹರಳುಪ್ಪು ಬಳಸಿ. ಕೈಯಿಂದ ನಡೆಸುವ ಯಂತ್ರದಲ್ಲಿ ಉಪ್ಪುನೀರನ್ನು ಸರ್ರನೆ ಬಿಟ್ಟರೆ ಅರ್ಧ ಉಪ್ಪು ದಂಡ. ಅರ್ಧ ಗಂಟೆಯಾದರೂ ನಿಧಾನವಾಗಿ ಇಳಿಯಬೇಕು. ನೀರಿನಲ್ಲಿ ಕಬ್ಬಿಣ ಲೀಟರಿಗೆ 0.3 ಮಿಲಿಗ್ರಾಂ ಮೀರಿದ್ದರೆ ಮೊದಲು ಕಬ್ಬಿಣದ ಫಿಲ್ಟರ್ ಬೇಕು, ಇಲ್ಲದಿದ್ದರೆ ರೆಸಿನ್ ಕಂದಾಗಿ ಶಕ್ತಿ ಕಳೆದುಕೊಳ್ಳುತ್ತದೆ.

ಪದರ ತಡೆಯಲೆಂದು ಪೈಪಿಗೆ ಕಟ್ಟುವ ಅಯಸ್ಕಾಂತದ ಫಲಿತಾಂಶ ಒಂದೆಡೆ ಇದ್ದಂತೆ ಇನ್ನೊಂದೆಡೆ ಇರುವುದಿಲ್ಲ. ನಾನು ಅದನ್ನು ಸೂಚಿಸುವುದಿಲ್ಲ. ಪಾಲಿಫಾಸ್ಫೇಟ್ ಕಾರ್ಟ್ರಿಜ್ ನೀರನ್ನು ಮೆದು ಮಾಡದಿದ್ದರೂ ಪದರ ಕೂರುವುದನ್ನು ತಡೆಯುತ್ತದೆ. ವಾಷಿಂಗ್ ಮೆಷಿನ್ನಿಗೆ ಅದು ಒಳ್ಳೆಯದು. ತುಂಬ ಬಿಸಿಯಾಗುವ ಟ್ಯಾಂಕಿನಲ್ಲಿ ಅದರ ಗುಣ ಕುಂದುತ್ತದೆ.

ಸಾಫ್ಟ್‌ನರ್ ಕೂಡಿಸುವಾಗ ಅಡುಗೆಮನೆಯ ಕುಡಿಯುವ ನೀರಿನ ನಲ್ಲಿಗೂ ಗಿಡಗಳ ಪೈಪಿಗೂ ಹಳೆಯ ಲೈನನ್ನೇ ಉಳಿಸಿ. 400ರ ಗಡಸು ಪೂರ್ತಿ ತೆಗೆದರೆ ಲೀಟರಿಗೆ ಸುಮಾರು 184 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಉಪ್ಪು ಕಡಿಮೆ ಮಾಡಬೇಕಾದವರಿಗೆ ಅದು ಸಲ್ಲದು, ಮಣ್ಣಿಗೂ ಒಳ್ಳೆಯದಲ್ಲ. ಗಡಸು ನೀರು ಕುಡಿಯುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ದೃಷ್ಟಿಯಿಂದ ಮಿತಿಯನ್ನೇ ಹಾಕಿಲ್ಲ. ಉಳಿದ ನಲ್ಲಿಗಳಿಗೆ ಬೈಪಾಸ್ ವಾಲ್ವಿನಿಂದ ಸ್ವಲ್ಪ ಹಳೆಯ ನೀರು ಬೆರೆಸಿ 60ರಿಂದ 80ಕ್ಕೆ ತಂದರೆ ಸಾಕು. ಉಪ್ಪು ಕೊಡುವ ಹಿಂದಿನ ದಿನ ಅದೇ ಹನಿ ಕಿಟ್ಟಿನಿಂದ ಅಳೆಯಿರಿ. ಅಂಕಿ ಏರಿದ್ದರೆ ಮುಂದಿನ ಸುತ್ತಿನಿಂದ ಒಂದು ದಿನ ಮೊದಲೇ ಉಪ್ಪುನೀರು ಕೊಡಿ.