‘ತಯಾರಕರು’ ಕಾಲಂ ಮತ್ತು ನನ್ನ ಪೆದ್ದುತನ

ಹೋದ ತಿಂಗಳು ಒಂದು ಪೆದ್ದು ಕೆಲಸ ಮಾಡಿದೆ. ಸಂಶೋಧಕರಿಗೆ ಅನುಕೂಲವಾಗಲಿ ಅಂತ ನಮ್ಮಲ್ಲಿ ತಯಾರಾದ, ರಿಪೇರಿಯಾದ ಹಳೆಯ ವಿಮಾನಗಳ ಪಟ್ಟಿ ಮಾಡುತ್ತಿದ್ದೇನಲ್ಲ, ಅದರ ‘ತಯಾರಕರು’ ಕಾಲಂ ಗಲೀಜಾಗಿ ಕಂಡಿತು. ಒಂದು ಕಡೆ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಇನ್ನೊಂದು ಕಡೆ ಹಿಂದೂಸ್ತಾನ್ ಏರೋನಾಟಿಕ್ಸ್, ಕೆಲವು ಕಡೆ ಬರೀ ಎಚ್‌ಎಎಲ್. ಎಲ್ಲ ಒಂದೇ ಅಲ್ವಾ ಅಂತ ಒಂದೇ ಏಟಿಗೆ ಎಲ್ಲವನ್ನೂ ‘ಏರೋನಾಟಿಕ್ಸ್’ ಮಾಡಿ ಸೇವ್ ಒತ್ತಿದೆ.

ಒಂದೇ ಅಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಶುರು ಮಾಡಿದ್ದು ಹಿಂದೂಸ್ತಾನ್ ಏರ್‌ಕ್ರಾಫ್ಟ್. ಅದು ಏರೋನಾಟಿಕ್ಸ್ ಆಗಿದ್ದು 1964ರ ಅಕ್ಟೋಬರ್ 1ಕ್ಕೆ. ವಿ.ಎಂ. ಘಾಟಗೆ ವಿನ್ಯಾಸ ಮಾಡಿದ ಎಚ್‌ಟಿ-2 ಅನ್ನೋ ತರಬೇತಿ ವಿಮಾನ ಮೊದಲು ಹಾರಿದ್ದು 1951ರಲ್ಲಿ. ನನ್ನ ಪಟ್ಟಿಯಲ್ಲಿ ಅದರ ಮುಂದೆ ಇನ್ನೂ ಹುಟ್ಟದ ಕಂಪನಿಯ ಹೆಸರು ಬಂದು ಕೂತಿತ್ತು!

ಜಾಸ್ತಿ ತಲೆ ತಿಂದಿದ್ದು ಕಿರಣ್ ಜೆಟ್. ಅದರ ಮೊದಲ ಹಾರಾಟ 1964ರ ಸೆಪ್ಟೆಂಬರ್ 4. ಹೆಸರು ಬದಲಾಗೋಕೆ ಇನ್ನು ಇಪ್ಪತ್ತೇಳೇ ದಿನ. ಅಂದರೆ ಮೊದಲು ಹಾರಿದ ಮಾದರಿ ಏರ್‌ಕ್ರಾಫ್ಟ್‌ನವರದು, ಆಮೇಲೆ ವಾಯುಪಡೆಗೆ ಸಾಲಾಗಿ ಹೋದವು ಏರೋನಾಟಿಕ್ಸ್‌ನವು. ಒಂದೇ ವಿಮಾನಕ್ಕೆ ಇಬ್ಬರು ಅಪ್ಪಂದಿರು.

ನ್ಯಾಟ್ ಯುದ್ಧವಿಮಾನ ಇನ್ನೊಂದು ತರಹ. ವಿನ್ಯಾಸ ಇಂಗ್ಲೆಂಡಿನ ಫಾಲೆಂಡ್ ಕಂಪನಿಯದು, ಲೈಸೆನ್ಸ್ ಪಡೆದು ಕಟ್ಟಿದ್ದು ಬೆಂಗಳೂರಿನವರು. ಲಿಬರೇಟರ್ ಬಾಂಬರ್ ಅಂತೂ ಕೇಳಲೇಬೇಡಿ. ವಿನ್ಯಾಸ ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿಯದು, ಆದರೆ ಫೋರ್ಡ್ ಕಾರಿನವರೂ ಸಾವಿರಗಟ್ಟಲೆ ಕಟ್ಟಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದವನ್ನು ಬೆಂಗಳೂರಿಗೆ ಹಾರಿಸಿ ತಂದು ರಿಪೇರಿ ಮಾಡಿದರು. ರಿಪೇರಿ ಮಾಡಿದವರನ್ನು ಯಾವ ಕಾಲಂಗೆ ಹಾಕೋದು?

ಕೊನೆಗೆ ಆ ಕಾಲಂ ಒಡೆದು ಮೂರು ಮಾಡಿದೆ: ವಿನ್ಯಾಸ, ಕಟ್ಟಿದವರು, ಆಮೇಲೆ ಕೈ ಹಾಕಿದವರು. ಕಟ್ಟಿದವರ ಹೆಸರು ಆ ದಿನ ಬೋರ್ಡ್ ಮೇಲೆ ಏನಿತ್ತೋ ಅದೇ. ಮೂರು ವಾರದ ಹಿಂದಿನ ಬ್ಯಾಕಪ್ ತೆಗೆದು, ರಾತ್ರಿ ಊಟ ಆದಮೇಲೆ ಕೂತು ಒಂದೊಂದೇ ಸಾಲು ಕೈಯಲ್ಲೇ ಸರಿಮಾಡುತ್ತಿದ್ದೇನೆ.

ಒಂದು ಫೋಟೋ ಮಾತ್ರ ಬಗೆಹರಿದಿಲ್ಲ. ಕಿರಣ್ ಅಂತ ಗೊತ್ತು. ಹಿಂದೆ ಪೆನ್ಸಿಲ್ಲಿನಲ್ಲಿ ‘ಎಚ್‌ಎಎಲ್’ ಅಂತಷ್ಟೇ ಇದೆ, ವರ್ಷ ಇಲ್ಲ. ಎರಡೂ ಹೆಸರಿಗೆ ಅದೇ ಮೂರಕ್ಷರ ನೋಡಿ. ವಿಮಾನದ ನಂಬರ್ ಕಂಡರೆ ಸಾಕಿತ್ತು. ಸರಿಯಾಗಿ ಅದರ ಮುಂದೆಯೇ ಯಾರೋ ಒಬ್ಬರು ಸೊಂಟದ ಮೇಲೆ ಕೈಯಿಟ್ಟು ನಗುತ್ತಾ ನಿಂತಿದ್ದಾರೆ.