ಕುದುರೆಗೆ ತನ್ನ ಹೆಸರು ಗೊತ್ತಾ?

ನವೆಂಬರ್ ತಿಂಗಳ ಮೊದಲ ಮಂಗಳವಾರ ನಮ್ಮ ಮೆಲ್ಬರ್ನ್‌ನಲ್ಲಿ ಸರ್ಕಾರಿ ರಜೆ. ಹಬ್ಬಕ್ಕಲ್ಲ, ಕುದುರೆ ರೇಸಿಗೆ! ಫ್ಲೆಮಿಂಗ್ಟನ್ ಮೈದಾನದಲ್ಲಿ ಮಧ್ಯಾಹ್ನ 3 ಗಂಟೆಗೆ ಮೆಲ್ಬರ್ನ್ ಕಪ್ ಓಟ. 3200 ಮೀಟರ್ ದೂರ, ಹೆಚ್ಚೆಂದರೆ 24 ಕುದುರೆ, ನಾಲ್ಕು ನಿಮಿಷದೊಳಗೆ ಎಲ್ಲ ಮುಗಿದುಹೋಗುತ್ತದೆ. 1861ರಿಂದ ನಡೆದುಕೊಂಡು ಬಂದಿರುವ ರೇಸ್ ಇದು. ವರ್ಷವೆಲ್ಲ ಕುದುರೆ ಕಡೆ ತಿರುಗಿಯೂ ನೋಡದವರು ಅವತ್ತು ಐದೋ ಹತ್ತೋ ಡಾಲರ್ ಕಟ್ಟುತ್ತಾರೆ. ಕುದುರೆ ಬಗ್ಗೆ ಅವರಿಗೇನೂ ಗೊತ್ತಿರಲ್ಲ, ಜಾಕಿ ಯಾರು ಅಂತಲೂ ಗೊತ್ತಿರಲ್ಲ. ಪಟ್ಟಿಯಲ್ಲಿ ಹೆಸರು ನೋಡುತ್ತಾರೆ, ಅಷ್ಟೇ.

ನಮ್ಮ ಆಫೀಸಿನಲ್ಲಿ ಒಬ್ಬರು ಮೊಮ್ಮಗಳ ಹೆಸರಿಗೆ ಹೋಲುವ ಹೆಸರು ಹುಡುಕುತ್ತಾರೆ. ಇನ್ನೊಬ್ಬರು ತಾವು ಹುಟ್ಟಿದ ಊರು ನೆನಪಾಗುವ ಹೆಸರು ಇದೆಯಾ ನೋಡುತ್ತಾರೆ. 2003, 2004, 2005 ಸತತ ಮೂರು ವರ್ಷ ಕಪ್ ಗೆದ್ದ ಮಕೈಬಿ ದೀವಾ ಅನ್ನುವ ಹೆಣ್ಣು ಕುದುರೆ ಇತ್ತು. ಅದರ ಹೆಸರು ಹುಟ್ಟಿದ್ದೇ ಚೆಂದ. ಮಾಲೀಕರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಐದು ಜನ ಹೆಂಗಸರ ಹೆಸರಿನ ಮೊದಲ ಎರಡೆರಡು ಇಂಗ್ಲಿಷ್ ಅಕ್ಷರ ತೆಗೆದು ಸೇರಿಸಿದ್ದು. ಆ ಹೆಸರಿಗೆ ಏನೋ ಶಕ್ತಿ ಇತ್ತು ಅಂತ ಇವತ್ತಿಗೂ ಹೇಳುವವರನ್ನು ನಾನೇ ಕಂಡಿದ್ದೇನೆ.

ಇದನ್ನೆಲ್ಲ ಕೇಳುವಾಗ ನನಗೆ ನಮ್ಮ ಮಾವ, ಅಂದರೆ ಅಮ್ಮನ ತಮ್ಮ, ನೆನಪಾಗುತ್ತಾರೆ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಮೇಲೆ ನಿಂತರೆ ಕೆಳಗೆ ರೇಸ್ ಕೋರ್ಸ್ ಬಳೆ ಬಿದ್ದ ಹಾಗೆ ಕಾಣುತ್ತದೆ ಅಲ್ವಾ, ಮಾವನ ಜೀವನ ಆ ಬಳೆಯೊಳಗೇ ಸುತ್ತಿತು. ರೇಸ್ ಪುಸ್ತಕ ತಂದು ನಮ್ಮ ಮನೆ ಜಗಲಿ ಮೇಲೆ ಕೂತು, ಕುದುರೆ ಹೆಸರಿನ ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಪೆನ್ಸಿಲ್‌ನಲ್ಲಿ ಒಂದೊಂದು ಸಂಖ್ಯೆ ಬರೆದು ಕೂಡಿಸುತ್ತಿದ್ದರು. 9 ಬಂದರೆ ಒಳ್ಳೆಯದು. 8 ಬಂದರೆ ಶನಿ, ಬೇಡವೇ ಬೇಡ. ಕೆಲವೊಮ್ಮೆ ಲೆಕ್ಕವನ್ನೂ ಬಿಟ್ಟು, "ಅಕ್ಕಾ, ಈ ಹೆಸರು ನನ್ನನ್ನೇ ಕರೀತಾ ಇದೆ" ಅನ್ನುತ್ತಿದ್ದರು. ಆಗ ಅವರ ಮುಖ ನೋಡಬೇಕಿತ್ತು, ದೇವರ ಪ್ರಸಾದ ಬಲಗಡೆ ಬಿದ್ದವರ ಮುಖದ ಹಾಗೆ ಇರುತ್ತಿತ್ತು. ಗೆದ್ದ ಒಂದೆರಡು ಹೆಸರನ್ನು ಹತ್ತು ವರ್ಷ ಹೇಳಿಕೊಂಡು ಓಡಾಡಿದರು. ಸೋತ ನೂರಾರು ಹೆಸರು ಒಂದೂ ಅವರ ನೆನಪಿನಲ್ಲಿ ಉಳಿಯಲಿಲ್ಲ. ಅತ್ತೆಯ ಬಳೆ ಗಿರವಿ ಅಂಗಡಿಗೆ ಹೋಯಿತು, ಆಮೇಲೆ ಸೈಟು ಹೋಯಿತು. "ಕುದುರೆ ಬಾಲಕ್ಕೆ ಕಟ್ಟಿದ" ಅಂತ ಬೀದಿಯವರು ಆಡಿಕೊಂಡರು. ಬಾಲಕ್ಕೂ ಅಲ್ಲ, ಹೆಸರಿಗೆ ಕಟ್ಟಿದ್ದು.

ಹಾಗಾಗಿ ಇಲ್ಲಿಗೆ ಬಂದ ಮೇಲೆ ನಾನು ಬೆಟ್ ಕಟ್ಟುವ ಅಂಗಡಿಯೊಳಗೆ ಕಾಲಿಟ್ಟಿಲ್ಲ. ಆಫೀಸಿನ ಸ್ವೀಪ್‌ಗೆ ಮಾತ್ರ ಸೇರುತ್ತೇನೆ. ಎಲ್ಲರೂ 5 ಡಾಲರ್ ಹಾಕುತ್ತಾರೆ, ಚೀಟಿ ಎತ್ತಿದಾಗ ಯಾವ ಕುದುರೆ ಬರುತ್ತದೋ ಅದೇ ನಿಮ್ಮದು.

2021ರಲ್ಲಿ ಲಾಕ್‌ಡೌನ್ ಆಗಷ್ಟೇ ಮುಗಿದಿತ್ತು, ಚೀಟಿ ಎತ್ತಿದ್ದೂ ವಿಡಿಯೋ ಕಾಲ್‌ನಲ್ಲೇ. ನನಗೆ ಬಂದ ಹೆಸರು ದಿ ಚೋಸನ್ ಒನ್. ಆರಿಸಿ ಬಂದವನು! ನಿಜ ಹೇಳುತ್ತೇನೆ, ಮೈ ಜುಂ ಅಂದಿತು. ಮಾವನ ಮಾತು ಕಿವಿಯಲ್ಲೇ ಕೇಳಿಸಿತು.

ನನ್ನ ಗೆಳತಿಗೆ ಬಂದಿದ್ದು ವೆರ್ರಿ ಎಲ್ಲೀಗಂಟ್. ಇಂಗ್ಲಿಷ್‌ನಲ್ಲಿ ಆ ಹೆಸರಿನ ಕಾಗುಣಿತ ನೋಡಬೇಕು ನೀವು, Verry Elleegant, ಆರ್ ಜೋಡಿ, ಎಲ್ ಜೋಡಿ, ಇ ಜೋಡಿ. ನಮ್ಮ ಕಡೆ ಸಂಖ್ಯಾಶಾಸ್ತ್ರದವರು ಹೆಸರಿಗೆ ಅಕ್ಷರ ತುರುಕಿಸುತ್ತಾರಲ್ಲ, ಥೇಟ್ ಹಾಗೇ. ರೇಸ್ ಕುದುರೆಯ ಹೆಸರು ಖಾಲಿ ಜಾಗವೂ ಸೇರಿ 18 ಅಕ್ಷರ ಮೀರುವಂತಿಲ್ಲ, ಬೇರೆ ಕುದುರೆಗೆ ಇರುವ ಹೆಸರನ್ನು ಇಡುವಂತಿಲ್ಲ, ಅದಕ್ಕೇ ಇಂಥ ವಿಚಿತ್ರ ಕಾಗುಣಿತಗಳು ಜಾಸ್ತಿ. ಗೆಳತಿಗೆ ಹೆಸರಿನ ಚಿಂತೆ ಇರಲಿಲ್ಲ, ಅವಳ ಚಿಂತೆ ಓಟ ಶುರುವಾಗುವ ಗೇಟಿನದ್ದು. ಆ ಕುದುರೆಗೆ ಸಿಕ್ಕಿದ್ದು 18ನೇ ಗೇಟು, ಅಲ್ಲಿಂದ ಓಡಿದ ಕುದುರೆ ಅದುವರೆಗೆ ಒಮ್ಮೆಯೂ ಕಪ್ ಗೆದ್ದಿರಲಿಲ್ಲ. "ಬದಲಾಯಿಸಿಕೊಳ್ಳುತ್ತೀಯಾ?" ಅಂತ ಕೇಳಿದಳು. ನಾನು ಬೇಡ ಅಂದೆ. ಆರಿಸಿ ಬಂದವನನ್ನು ಹೇಗೆ ಬಿಡುವುದು?

ವೆರ್ರಿ ಎಲ್ಲೀಗಂಟ್ ನಾಲ್ಕು ಕುದುರೆಯುದ್ದದ ಅಂತರದಲ್ಲಿ ಗೆದ್ದಿತು. ನನ್ನ ಕುದುರೆ ಮೊದಲ ಮೂರರಲ್ಲೂ ಇರಲಿಲ್ಲ. ಆಮೇಲೆ ಓದಿ ನೋಡಿದರೆ ಗೆಳತಿಯದ್ದು ಹಿಂದಿನ ವರ್ಷ ಕಾಲ್ಫೀಲ್ಡ್ ಕಪ್ ಅನ್ನುವ ಇನ್ನೊಂದು ದೊಡ್ಡ ರೇಸ್ ಗೆದ್ದ ಕುದುರೆ, ಮೇಲಿನ ಪಂಕ್ತಿಯದು. ಎಲ್ಲ ಪೇಪರ್‌ನಲ್ಲೂ ಇದ್ದ ವಿಷಯ. ನಾನು ಓದಿದ್ದು ಹೆಸರು ಮಾತ್ರ. 5 ಡಾಲರ್ ಹೋದದ್ದಕ್ಕೆ ಬೇಜಾರಿಲ್ಲ. ಒಂದು ಹೆಸರು ನನ್ನನ್ನೂ ಅಷ್ಟು ಸುಲಭವಾಗಿ ಹಿಡಿದುಕೊಂಡಿತಲ್ಲ, ಅದಕ್ಕೆ ಹೆದರಿಕೆಯಾಯಿತು. ಮಾವನ ಮೇಲೆ ಇಷ್ಟು ವರ್ಷ ಇದ್ದ ಸಿಟ್ಟು ಅವತ್ತು ಸ್ವಲ್ಪ ಇಳಿಯಿತು.

ಆಮೇಲೊಂದು ಸಲ ಅಮ್ಮ ಇಲ್ಲಿಗೆ ಬಂದಿದ್ದಾಗ ಮೆಲ್ಬರ್ನ್ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಅಲ್ಲಿ ಗಾಜಿನೊಳಗೆ ಫಾರ್ ಲ್ಯಾಪ್ ನಿಂತಿದೆ, 1930ರಲ್ಲಿ ಕಪ್ ಗೆದ್ದ ಕುದುರೆ. ಇಲ್ಲಿರುವುದು ಚರ್ಮ ಮಾತ್ರ, ಅದರ ಹೃದಯ ಕ್ಯಾನ್‌ಬೆರಾದಲ್ಲಿದೆ, ಮೂಳೆ ನ್ಯೂಜಿಲೆಂಡ್‌ನಲ್ಲಿ. ಥಾಯ್ ಭಾಷೆಯಲ್ಲಿ ಮಿಂಚು ಅನ್ನುವ ಪದದಿಂದ ಬಂದ ಹೆಸರಂತೆ. ಅದನ್ನು ಪಳಗಿಸಿದ ಹ್ಯಾರಿ ಟೆಲ್ಫೋರ್ಡ್‌ಗೆ ಹೆಸರಿನಲ್ಲಿ ಎರಡು ಪದ, ಏಳು ಇಂಗ್ಲಿಷ್ ಅಕ್ಷರ ಇರಲೇಬೇಕಿತ್ತು ಅಂತ ಕಥೆ ಇದೆ, ಕಪ್ ಗೆದ್ದವರಲ್ಲಿ ಅಂಥ ಹೆಸರು ಜಾಸ್ತಿ ಅಂತ. ಅದಕ್ಕೇ ಹೆಸರನ್ನು ಒಡೆದು ಎರಡು ಮಾಡಿ ಬರೆದರಂತೆ. 1931ರಲ್ಲೂ ಅದೇ ಹೆಸರು, ಅದೇ ಏಳು ಅಕ್ಷರ. ಆದರೆ ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ಭಾರ ಹೊರಿಸುವುದು ಈ ರೇಸಿನ ಪದ್ಧತಿ, ಆ ಸಲ 68 ಕಿಲೋ ಹೊರಿಸಿದರು, ಎಂಟನೆಯದಾಗಿ ಬಂತು. ಮರುವರ್ಷ ಅಮೆರಿಕದಲ್ಲಿ ತೀರಿಕೊಂಡಿತು.

ಅಮ್ಮ ಎಲ್ಲ ಕೇಳಿಸಿಕೊಂಡು ಸುಮ್ನೆ ನಿಂತಿದ್ದಳು. ಆಮೇಲೆ, "ಅಲ್ಲ ಕಣೇ, ಆ ಕುದುರೆಗೆ ತನ್ನ ಹೆಸರು ಅದು ಅಂತ ಗೊತ್ತಿತ್ತಾ?" ಅಂತ ಕೇಳಿದಳು.

ಲಾಯದಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದ ಟಾಮಿ ವುಡ್‌ಕಾಕ್ ಅದನ್ನು ಬಾಬಿ ಅಂತ ಕರೆಯುತ್ತಿದ್ದರು. ಅದನ್ನೇ ಹೇಳಿದೆ.

"ನಿಮ್ಮ ಮಾವನಿಗೆ ಇದನ್ನ ಹೇಳಬೇಕಿತ್ತು" ಅಂದಳು ಅಮ್ಮ. ಗಾಜಿನ ಹತ್ತಿರ ಬಗ್ಗಿ ಇನ್ನೂ ಸ್ವಲ್ಪ ಹೊತ್ತು ನೋಡುತ್ತಾ ನಿಂತಳು.